ಅಲಂಕಾರಿಕ ಶುಂಠಿ: ಔಷಧಿಗೆ ಮೊದಲು ಬುಡ ನೋಡಿ

ಸುರುಳಿ ಸುಗಂಧಿ, ಕೆಂಪು ಶುಂಠಿ, ಹಳದಿ ಪಟ್ಟೆಯ ಅಲ್ಪಿನಿಯಾ, ಸಯಾಮ್ ಟುಲಿಪ್ ಎಲ್ಲವೂ ಶುಂಠಿಯ ಕುಟುಂಬದವು. ಅವುಗಳಿಗೆ ಬೇಕಾದದ್ದು ತೇವದ ಗಾಳಿ, ಸಡಿಲ ಮಣ್ಣು. ಹುಬ್ಬಳ್ಳಿಯ ಎರೆ ಮಣ್ಣಿನಲ್ಲಿ, ಗದಗಿನ ಒಣ ಗಾಳಿಯಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ರೋಗವೇ ಅಲ್ಲ. ಎಲೆ ಹಳದಿಯಾದ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ.

ಮೊದಲು ಮಣ್ಣು. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ಗಡ್ಡೆಯನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಬೇರನ್ನು ಹರಿಯುತ್ತದೆ. ನೆಲದಲ್ಲೇ ನೆಡುವುದಾದರೆ ಒಂದು ಅಡಿ ಎತ್ತರದ ಮಡಿ ಮಾಡಿ, ಕೆಂಪು ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮವಾಗಿ ಬೆರೆಸಿ. ಗಡ್ಡೆಯ ಮೇಲೆ ಎರಡು ಬೆರಳಿನಷ್ಟು ಮಣ್ಣು ಸಾಕು. ಹಾನಗಲ್ ಕಡೆಯ ಶುಂಠಿ ಹೊಲದ ಮಣ್ಣನ್ನು ಮಾತ್ರ ತರಬೇಡಿ; ಕೊಳೆ ರೋಗವೂ ಅದರ ಜೊತೆಗೇ ಬಂದೀತು.

ಹಳದಿ ಎಲ್ಲಿಂದ ಶುರುವಾಗಿದೆ ಎಂಬುದನ್ನು ನೋಡಿ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ನಮ್ಮ ಎರೆ ಮಣ್ಣಿನಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಸಿಂಪಡಿಸಿ. ಕೆಳಗಿನ ಒಂದೆರಡು ಹಳೆಯ ಎಲೆಗಳು ಒಣಗಿದರೆ ಚಿಂತೆ ಬೇಡ. ಇಡೀ ಕಾಂಡ ಹಳದಿಯಾಗಿ, ಎಳೆದರೆ ಬುಡದಿಂದಲೇ ಕಿತ್ತು ಬಂದು ನಾರಿದರೆ ಅದು ಗಡ್ಡೆ ಕೊಳೆ. ಗಿಡ ಅಗೆದು ಮೆತ್ತಗಿನ ಭಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ. ಗಟ್ಟಿ ತುಂಡುಗಳನ್ನು ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಿನಲ್ಲಿ ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಿ.

ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡ ಸೊರಗಿದರೆ ಕಾಂಡದ ಬುಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೆಲವೇ ನಿಮಿಷಗಳಲ್ಲಿ ಬಿಳಿಯ ಎಳೆಗಳು ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಇದಕ್ಕೆ ಔಷಧಿಯಿಲ್ಲ. ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದುಹಾಕಿ. ಆ ಜಾಗದಲ್ಲಿ ಮತ್ತೆ ಶುಂಠಿ, ಟೊಮೆಟೊ, ಬದನೆ ಬೇಡ.

ಮಾರ್ಚ್‌ನಿಂದ ಮೇವರೆಗೆ ಎಲೆಯ ತುದಿ, ಅಂಚು ಸುಟ್ಟರೆ ಕಾರಣ ಬಿಸಿಲು, ಒಣ ಗಾಳಿ ಅಥವಾ ಬೋರ್‌ವೆಲ್ಲಿನ ಉಪ್ಪು ನೀರು. ಪೂರ್ವದ ಎಳೆ ಬಿಸಿಲು ಬೀಳುವ ಕಡೆ ಕುಂಡವಿಡಿ, ಬುಡಕ್ಕೆ ಒಣ ಎಲೆ ಮುಚ್ಚಿ, ಮಳೆನೀರನ್ನು ಹಿಡಿದಿಟ್ಟು ಹಾಕಿ. ಎಲೆಯ ಕೆಳಗೆ ಸಣ್ಣ ಬಲೆ ಕಂಡರೆ ನುಸಿ. ಒಂದೆರಡು ದಿನಕ್ಕೊಮ್ಮೆ ಜೋರಾಗಿ ನೀರು ಚಿಮುಕಿಸಿ ತೊಳೆದರೆ ಕಡಿಮೆಯಾಗುತ್ತದೆ. ಕಾಂಡದಲ್ಲಿ ತೂತು, ಅದರ ಬಾಯಲ್ಲಿ ಹುಡಿಯಂಥ ಹಿಕ್ಕೆ ಕಂಡರೆ ಕೊರೆಯುವ ಹುಳು. ಆ ಕಾಂಡವನ್ನು ಕತ್ತರಿಸಿ ಸುಟ್ಟುಬಿಡಿ.

ಹೂ ಬಾರದಿದ್ದರೆ ನಿಮ್ಮ ಕತ್ತರಿಯನ್ನೇ ಮೊದಲು ಅನುಮಾನಿಸಿ. ಸುಗಂಧಿಯಲ್ಲಿ ಹೂ ಮುಗಿದ ಕಾಂಡವನ್ನು ಬುಡಕ್ಕೆ ಕತ್ತರಿಸಬೇಕು. ಆದರೆ ಪಟ್ಟೆ ಅಲ್ಪಿನಿಯಾ ಹೂ ಬಿಡುವುದು ಹಿಂದಿನ ವರ್ಷದ ಕಾಂಡದಲ್ಲಿ. ಚೊಕ್ಕಟ ಮಾಡುತ್ತೇವೆಂದು ಅದನ್ನು ಕತ್ತರಿಸಿದರೆ ಆ ವರ್ಷದ ಹೂ ಹೋಯಿತು. ಯೂರಿಯಾ ಹೆಚ್ಚಾದರೂ, ನೆರಳು ದಟ್ಟವಾದರೂ ಬರೀ ಎಲೆಯೇ ಬರುತ್ತದೆ.

ಸಯಾಮ್ ಟುಲಿಪ್ ಚಳಿಗಾಲದಲ್ಲಿ ಪೂರ್ತಿ ಒಣಗುತ್ತದೆ. ಸತ್ತಿತೆಂದು ಕುಂಡ ಖಾಲಿ ಮಾಡಬೇಡಿ, ಬದುಕಿಸಲೆಂದು ನೀರನ್ನೂ ಸುರಿಯಬೇಡಿ. ಮಳೆ ತಾಗದ ಕಡೆ ಒಣದಾಗಿಯೇ ಇಟ್ಟು, ಬೇಸಿಗೆಯ ಅಡ್ಡಮಳೆ ಶುರುವಾದಾಗ ಸ್ವಲ್ಪ ಸ್ವಲ್ಪವೇ ನೀರು ಕೊಡಿ. ಕುಡಿ ಒಡೆದ ಮೇಲೆ ಹೆಚ್ಚಿಸಿ.