ಇಂಗುಗುಂಡಿಗಿಂತ ಮೊದಲು ನೀರಿನ ದಾರಿ: ನನ್ನ ಅನುಭವ

ನಮ್ಮದು ಕೋಲಾರ ಕಡೆಯ ಹಳ್ಳಿ. ಹೊಳೆ ಇಲ್ಲ, ನಾಲೆ ಇಲ್ಲ, ಕುಡಿಯೋಕೂ ಬೆಳೆಗೂ ಬೋರ್‌ವೆಲ್ಲೇ ಗತಿ. ಬತ್ತಿದ ಒಂದು ಬೋರ್‌ವೆಲ್‌ಗೆ ಮಳೆನೀರು ಇಂಗಿಸೋಣ ಅಂತ ಊರಲ್ಲಿ ಮಾತಾಯಿತು. ಬೋರ್‌ವೆಲ್ ಸುತ್ತ ಹತ್ತಡಿ ಆಳದ ಗುಂಡಿ, ತೂತು ಕೊರೆದು ಜಾಲರಿ ಸುತ್ತಿದ ಕೇಸಿಂಗ್ ಪೈಪು (ಬೋರ್‌ವೆಲ್ ಒಳಗೆ ಇಳಿಸಿದ ಕೊಳವೆ), ಸುತ್ತ ದಪ್ಪ ಕಲ್ಲು, ಜಲ್ಲಿ, ಮರಳು. ಇದೆಲ್ಲ ಎಲ್ಲರಿಗೂ ಗೊತ್ತು. ನಾನು ಕೇಳಿದ್ದು ಒಂದೇ: ಗುಂಡಿಗೆ ಬರುವ ನೀರು ಏನೇನು ತೊಳೆದುಕೊಂಡು ಬರುತ್ತದೆ?

ಜೋರು ಮಳೆಯಲ್ಲೇ, ಗುಂಡಿಗೆ ಮಳೆನೀರು ತರುವ ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ತಿಪ್ಪೆಯ ಕೆಳಗೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆಚೆ ಕೋಳಿ ಫಾರಂ ಗೊಬ್ಬರದ ರಾಶಿ. ಟೊಮೆಟೊ ತೋಟದ ಮೋರಿ ಹತ್ತಿರ ಖಾಲಿ ಔಷಧಿ ಬಾಟಲಿಗಳು. ಸ್ಪ್ರೇಯರ್ ತೊಳೆಯುತ್ತಿದ್ದದ್ದೂ ಅಲ್ಲೇ.

ನಮ್ಮ ನೆಲದ ಕೆಳಗೆ ಇರುವುದು ಕಗ್ಗಲ್ಲು. ನೀರು ಬಿರುಕಿನಲ್ಲಿ ಓಡುತ್ತದೆ, ಬಿರುಕು ಏನನ್ನೂ ಸೋಸುವುದಿಲ್ಲ. ಮೇಲಿನ ಮಣ್ಣಲ್ಲಿ ನಿಧಾನಕ್ಕೆ ಇಂಗಿದರೆ ಒಂದಷ್ಟು ಕೊಳೆ ಅಲ್ಲೇ ನಿಲ್ಲುತ್ತದೆ. ಕೇಸಿಂಗ್ ಒಳಗೆ ಇಳಿಸಿದರೆ ಆ ರಕ್ಷಣೆಯೂ ಹೋಯಿತು, ಅಲ್ವಾ? ಮರಳು ಕೆಸರನ್ನು ತಡೆಯುತ್ತದೆ, ಗೊಬ್ಬರದಿಂದ ನೀರಲ್ಲಿ ಕರಗಿ ಬರುವ ನೈಟ್ರೇಟ್ ಅನ್ನೋ ಲವಣವನ್ನು ತಡೆಯುವುದಿಲ್ಲ. ಕುಡಿಯುವ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಜಾಸ್ತಿಯಾದರೆ ಹಸುಗೂಸುಗಳ ರಕ್ತ ಸರಿಯಾಗಿ ಆಮ್ಲಜನಕ ಒಯ್ಯುವುದಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ತಿಪ್ಪೆ ಎತ್ತಿಸುವುದೇ ದೊಡ್ಡ ಕೆಲಸವಾಯಿತು. “ನಮ್ಮತ್ತೆ ಕಾಲದಿಂದ ಇಲ್ಲೇ ಹಾಕ್ತಾ ಇರೋದಪ್ಪಾ, ಈಗ ಎಲ್ಲಿಗೆ ಹೊರಲಿ?” ಅಂದರು ಒಬ್ಬ ಅಜ್ಜಿ. ನ್ಯಾಯವಾದ ಪ್ರಶ್ನೆ. ಸುಮ್ನೆ ಬುದ್ಧಿ ಹೇಳಿದರೆ ಯಾರೂ ತಿಪ್ಪೆ ಸರಿಸುವುದಿಲ್ಲ. ದಿಣ್ಣೆಯ ಆಚೆ ಇಳಿಜಾರಲ್ಲಿ ಜಾಗ ನೋಡಿ, ಟ್ರ್ಯಾಕ್ಟರ್ ಬಾಡಿಗೆಯನ್ನು ಊರಿನಿಂದಲೇ ಕೊಟ್ಟೆವು. ಹೊಸ ತಿಪ್ಪೆಯ ಸುತ್ತ ಮಣ್ಣಿನ ಬದು ಹಾಕಿದೆವು. ತೋಟದವರು ಈಗ ಔಷಧಿ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇಯರ್‌ಗೇ ಸುರಿದು ಬೆಳೆಗೆ ಹೊಡೆಯುತ್ತಾರೆ. ಹಂಗಾಮಿನ ಮೊದಲ ಮಳೆಗಳ ನೀರನ್ನು ಹಲಗೆ ಅಡ್ಡ ಇಟ್ಟು ಹುಲ್ಲುಬಯಲಿಗೆ ತಿರುಗಿಸುತ್ತೇವೆ. ಕುಡಿಯುವ ಬೋರ್‌ವೆಲ್ ನೀರನ್ನು ಮಳೆಗಾಲದ ಮುಂಚೆಯೂ ಆಮೇಲೂ ಪರೀಕ್ಷೆ ಮಾಡಿಸುತ್ತೇವೆ.

ಕೋಳಿ ಗೊಬ್ಬರದ ರಾಶಿಗೆ ಮಾಡು, ಸಿಮೆಂಟ್ ನೆಲ ಎರಡೂ ಆಗಬೇಕು. ಮಾಲೀಕರು ಒಪ್ಪಿದ್ದಾರೆ, ಕೆಲಸ ಇನ್ನೂ ಶುರುವಾಗಿಲ್ಲ. ಅಲ್ಲಿಯವರೆಗೆ ಆ ಕಡೆಯ ಕಾಲುವೆಯನ್ನು ಗುಂಡಿಗೆ ಬಿಡುವುದಿಲ್ಲ.