‘ಬೇಡ’ ಅಂದವರನ್ನೂ ಲೆಕ್ಕಕ್ಕೆ ತಗೊಂಡೆವು: ಒಪ್ಪಿಗೆ ಪತ್ರದ ಕೆಲಸದಲ್ಲಿ ನನ್ನ ಅನುಭವ

ಆರೋಗ್ಯ ಅಧ್ಯಯನಕ್ಕೆ ಮನೆಮನೆಗೆ ಹೋಗಿ ಜನರ ಒಪ್ಪಿಗೆ ಸಹಿ ತರುವ ಫೀಲ್ಡ್ ತಂಡಕ್ಕೆ, ಸಹಿಗೆ ಇಷ್ಟು ಎಂದು ದುಡ್ಡು ಕೊಡುವ ಟಾರ್ಗೆಟ್ ಪದ್ಧತಿ ತೆಗೆದುಹಾಕಿದರೆ ಒಪ್ಪಿಗೆ ಪತ್ರಗಳು ಬರೋದೇ ನಿಂತುಹೋಗುತ್ತವೆ ಅಂತ ನನಗೆ ಹೇಳದವರಿಲ್ಲ. ಪಿ.ಐ. (ಅಧ್ಯಯನದ ಮುಖ್ಯ ಸಂಶೋಧಕಿ) ಮೇಡಂ ಹೇಳಿದರು. ಅಕೌಂಟ್ಸ್‌ನವರು ಹೇಳಿದರು. ಇನ್ನೊಂದು ಜಿಲ್ಲೆಯಲ್ಲಿ ಇದೇ ಅಧ್ಯಯನ ನೋಡಿಕೊಳ್ಳುತ್ತಿದ್ದ ಕೋಆರ್ಡಿನೇಟರ್ ಅಂತೂ ‘ಆರು ತಿಂಗಳಲ್ಲಿ ನಿಮ್ಮ ಅಧ್ಯಯನದ ಸೈಟ್ ಮುಚ್ಚಿಸ್ತಾರೆ ನೋಡಿ’ ಎಂದು ನಕ್ಕಿದ್ದರು. ಈಗ ಹೊಸ ಕ್ರಮದಲ್ಲಿ ಸೇರಿಸಿಕೊಂಡವರ ಫಾಲೋ-ಅಪ್ ಮುಗಿದಿದೆ. ಐದರಲ್ಲಿ ನಾಲ್ಕು ಜನ ಮತ್ತೆ ಬಂದು ರಕ್ತ ಕೊಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿಗಳು. 30 ವರ್ಷ ದಾಟಿದವರಲ್ಲಿ ಸಕ್ಕರೆ, ಬಿ.ಪಿ., ಕಿಡ್ನಿ ಹೇಗೆ ಬದಲಾಗುತ್ತವೆ ಎಂದು ವರ್ಷಕ್ಕೊಮ್ಮೆ ನೋಡುವ ಕೆಲಸ. ಔಷಧಿ ಪ್ರಯೋಗ ಅಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ, ಒಂದಿಷ್ಟು ಪ್ರಶ್ನೆ, ಸೊಂಟದ ಅಳತೆ, ಅಷ್ಟೇ. ತಂಡದಲ್ಲಿ ಒಂಬತ್ತು ಜನ, ಹೆಚ್ಚಿನವರು ಅಲ್ಲಿಯದೇ ಊರುಗಳ ಹೆಣ್ಣುಮಕ್ಕಳು. ನಾನು ಅವರ ಮೇಲಿನ ಫೀಲ್ಡ್ ಕೋಆರ್ಡಿನೇಟರ್. ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಐ.ಸಿ.ಎಂ.ಆರ್.ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಇವೆಲ್ಲ ಈ ಕೆಲಸದಲ್ಲಿರುವ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನಾನು ಸೇರುವ ಮೊದಲೇ ಬಜೆಟ್‌ನಲ್ಲಿ ಒಂದು ಸಾಲು ಇತ್ತು: ಸಹಿಯಾದ ಪ್ರತಿ ಫಾರ್ಮ್‌ಗೆ 40 ರೂಪಾಯಿ. ಸಂಬಳ ಸುಮಾರು 14,000, ಅದರ ಮೇಲೆ ಈ ದುಡ್ಡು. ನೋಡೋಕೆ ಒಳ್ಳೆಯ ಏರ್ಪಾಡು. 100 ಮನೆಗೆ ಹೋದರೆ 90 ಮನೆಯವರು ಸಹಿ ಹಾಕುತ್ತಿದ್ದರು. ವರದಿಯಲ್ಲಿ ಈ ಅಂಕಿ ನೋಡಿ ಮೇಲಿನವರಿಗೆಲ್ಲ ಖುಷಿ. ಎರಡನೇ ವರ್ಷ ಅದೇ ಮನೆಗಳಿಗೆ ಹೋದೆವು. ಅರ್ಧಕ್ಕರ್ಧ ಜನ ಬಾಗಿಲೇ ತೆಗೆಯಲಿಲ್ಲ, ಇಲ್ಲವೇ ‘ಒಂದ್ಸಲ ಕೊಟ್ಟಾಯ್ತಲ್ಲಪ್ಪ, ಇನ್ನೇನು’ ಎಂದರು. ಒಬ್ಬರ ಮೊದಲ ವರ್ಷದ ರಕ್ತಕ್ಕೆ ಟ್ಯೂಬು, ಸೂಜಿ, ಐಸ್ ಬಾಕ್ಸ್, ಗಾಡಿ, ಲ್ಯಾಬ್ ಎಲ್ಲ ಸೇರಿ 600-700 ರೂಪಾಯಿ ಬೀಳುತ್ತಿತ್ತು. ಮನುಷ್ಯ ಮತ್ತೆ ಬರದಿದ್ದರೆ ನಮ್ಮಂಥ ಅಧ್ಯಯನಕ್ಕೆ ಆ ದುಡ್ಡು ಹೆಚ್ಚುಕಡಿಮೆ ನೀರಿಗೆ ಹಾಕಿದ ಹಾಗೆ.

ಹತ್ತರಲ್ಲಿ ಒಂದು ಮನೆಗೆ ನಾನೇ ಹೋಗಿ ಕೇಳತೊಡಗಿದೆ. ‘ಅಮ್ಮಾ, ಹೋದ ಸಲ ನಮ್ಮವರು ಬಂದಾಗ ಒಂದು ಸಹಿ ಹಾಕಿದ್ರಲ್ಲ, ಅದು ಏತಕ್ಕೆ?’ ಒಬ್ಬರು ರೇಷನ್ ಕಾರ್ಡಿಗೆ ಎಂದರು. ಆಯುಷ್ಮಾನ್ ಕಾರ್ಡ್ ಎಂದವರು ಬಹಳ ಜನ. ‘ಶುಗರ್ ಮಾತ್ರೆ ಫ್ರೀ ಕೊಡ್ತಾರಂತೆ’ ಎಂದು ಕಾದು ಕೂತವರೂ ಇದ್ದರು. ಒಬ್ಬ ಅಜ್ಜಿ ನೇರವಾಗಿ ಕೇಳಿದರು: ‘ಏನಪ್ಪ, ರಕ್ತ ತಗೊಂಡೋಗಿ ಎಷ್ಟಕ್ಕೆ ಮಾರ್ಕೊಂಡ್ರಿ?’ ನಗುವ ವಿಷಯ ಅಲ್ಲ. ಕಾಗದದ ಮೇಲೆ ಎಲ್ಲವೂ ಸರಿ ಇತ್ತು. ಸಹಿ ಇತ್ತು, ತಾರೀಖು ಇತ್ತು, ಸಾಕ್ಷಿ ಇತ್ತು. ಒಪ್ಪಿಗೆ ಮಾತ್ರ ಇರಲಿಲ್ಲ.

ಎಲ್ಲರೂ ಮಾಡುವ ರಿಪೇರಿಗಳನ್ನೇ ಮೊದಲು ಮಾಡಿ ನೋಡಿದೆವು. ಚಿತ್ರಗಳ ಫ್ಲಿಪ್ ಚಾರ್ಟ್ ಮಾಡಿಸಿದೆವು. ಲ್ಯಾಮಿನೇಷನ್ ಸೇರಿ 11,000-12,000 ಖರ್ಚಾಯಿತು. ಜನ ಚಿತ್ರ ನೋಡಿದರು, ಚೆನ್ನಾಗಿದೆ ಎಂದರು, ಮತ್ತೆ ಕಾರ್ಡ್ ಯಾವಾಗ ಬರುತ್ತೆ ಎಂದು ಕೇಳಿದರು. ಗ್ರಾಮ ಪಂಚಾಯಿತಿಯಲ್ಲಿ ಸಭೆ ಮಾಡಿಸಿದೆವು. ಅಧ್ಯಕ್ಷರು ಮೈಕಿನಲ್ಲಿ ‘ಎಲ್ಲರೂ ಸಹಕರಿಸಬೇಕು’ ಎಂದರು. ಇದು ಇನ್ನೂ ಕೆಟ್ಟದ್ದು. ಊರಿನ ದೊಡ್ಡವರ ಅನುಮತಿ ಒಬ್ಬೊಬ್ಬರ ಒಪ್ಪಿಗೆಗೆ ಬದಲಿಯಲ್ಲ ಅಂತ ಮಾರ್ಗಸೂಚಿಯಲ್ಲೇ ಇದೆ. ಆ ಮೈಕಿನ ಮಾತಾದ ಮೇಲೆ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತೆ?

ಆಮೇಲೆ ಯಾರೋ ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಿ ಎಂದರು. ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ ಮೇಲೆ ಔಷಧಿ ಪ್ರಯೋಗಗಳಲ್ಲಿ ವಿಡಿಯೋ ರೆಕಾರ್ಡಿಂಗ್ ಬಂತು. 2019ರ ನಿಯಮಗಳ ಪ್ರಕಾರ ಅದು ಕಡ್ಡಾಯ ಇರುವುದು ಹೊಸ ಔಷಧಿ ಅಣುಗಳ ಪ್ರಯೋಗದಲ್ಲಿ, ಅದೂ ಸುಲಭವಾಗಿ ಒತ್ತಡಕ್ಕೆ ಸಿಗುವಂಥವರು ಭಾಗವಹಿಸುವಾಗ. ನಮಗೆ ಬೇಕಿರಲಿಲ್ಲ. ಆದರೂ ಎರಡು ಊರಲ್ಲಿ ಟ್ಯಾಬ್ ಹಿಡಿದುಕೊಂಡು ನೋಡಿದೆವು. ಕ್ಯಾಮೆರಾ ಕಂಡ ತಕ್ಷಣ ಹೆಂಗಸರು ಸೆರಗು ಎಳೆದುಕೊಂಡು ಒಳಗೆ ಹೋದರು. ಕೂತವರು ಪಾಠ ಒಪ್ಪಿಸುವವರ ಹಾಗೆ ಹೂಂ ಹೂಂ ಎಂದರು. ಒಂದೂ ಪ್ರಶ್ನೆ ಬರಲಿಲ್ಲ. ಟ್ಯಾಬ್ ಈಗ ಡೇಟಾ ಎಂಟ್ರಿಗೆ ಬಳಕೆಯಾಗುತ್ತಿದೆ.

ದುಡ್ಡು ಜಾಸ್ತಿ ಕೊಟ್ಟರೆ ಎಂಬ ಮಾತೂ ಬಂತು. ಬಂದವರಿಗೆ 500 ರೂಪಾಯಿ ಎಂದು ನಮ್ಮ ಆಫೀಸಿನವರು ಎಥಿಕ್ಸ್ ಕಮಿಟಿಗೆ (ಸಂಶೋಧನೆಯಲ್ಲಿ ಜನರಿಗೆ ಅನ್ಯಾಯವಾಗದಂತೆ ನೋಡುವ ಸಮಿತಿ) ಬರೆದಿದ್ದರು. ಅದು ಆಮಿಷ ಆಗುತ್ತೆ ಎಂದು ವಾಪಸ್ ಬಂತು. ನನಗೂ ಹಾಗೇ ಅನಿಸಿತ್ತು. ಮತ್ತೆ ಬರೆಯುವಾಗ ನಾನೊಂದು ಲೆಕ್ಕ ಇಟ್ಟೆ: 2023-24ರ ನರೇಗಾ ಕೂಲಿ ದಿನಕ್ಕೆ 316 ರೂಪಾಯಿ, ನಾವು ಹಾಳು ಮಾಡುವುದು ಅರ್ಧ ದಿನ, ಆದ್ದರಿಂದ 150 ರೂಪಾಯಿ ಮತ್ತು ತಿಂಡಿ. ಒಂದೇ ಸಭೆಯಲ್ಲಿ ಪಾಸಾಯಿತು. ಈ ಲೆಕ್ಕವನ್ನು ಯಾರು ಬೇಕಾದರೂ ತಗೊಳ್ಳಬಹುದು.

ಇಷ್ಟೆಲ್ಲ ಆದರೂ ಮನೆ ಬಾಗಿಲಲ್ಲಿ ನಡೆಯುತ್ತಿದ್ದ ಮಾತು ಬದಲಾಗಲಿಲ್ಲ. ಕಾರಣ ಹಳ್ಳಿಯವರಲ್ಲಿ ಇರಲಿಲ್ಲ, ನಮ್ಮ ಆಫೀಸಿನಲ್ಲಿ ಇತ್ತು. ‘ಬೇಡ’ ಎಂಬ ಉತ್ತರ ಹೊತ್ತು ವಾಪಸ್ ಬರಲು ನಮ್ಮ ಹುಡುಗಿಯರಿಗೆ ಹೆದರಿಕೆ. ದುಡ್ಡೂ ಹೋಗುತ್ತೆ, ಸೋಮವಾರದ ಮೀಟಿಂಗ್‌ನಲ್ಲಿ ಎಲ್ಲರೆದುರು ಹೆಸರು ಹಿಡಿದು ಕೇಳುತ್ತಾರೆ. ಹೀಗೆ ಹೆದರಿದವರು ಎದುರಿನವರಿಗೆ ‘ನಿಮಗಿಷ್ಟ ಇಲ್ಲದಿದ್ರೆ ಬೇಡ ಅನ್ನಿ’ ಎಂದು ಬಾಯಿಬಿಟ್ಟು ಹೇಳುತ್ತಾರಾ? ಹೇಳುತ್ತಾರೆ, ಓಡುವ ರೈಲಿನ ಹಾಗೆ ಓದಿ ಮುಗಿಸುತ್ತಾರೆ.

ಹಾಗಾಗಿ ಫಾರ್ಮ್‌ಗೆ ದುಡ್ಡು ಕೊಡುವುದನ್ನೇ ನಿಲ್ಲಿಸಬೇಕು, ಅದೇ ಮೊತ್ತವನ್ನು ಸಂಬಳಕ್ಕೆ ಸೇರಿಸಬೇಕು ಎಂದು ಕೇಳಿದೆ. ಒಬ್ಬೊಬ್ಬರಿಗೆ 1,300ರಷ್ಟು, ಎಲ್ಲರದ್ದೂ ಸೇರಿ ತಿಂಗಳಿಗೆ 12,000ದ ಆಸುಪಾಸು. ಒಂದು ರೂಪಾಯಿ ಹೆಚ್ಚಿಗೆ ಖರ್ಚಿಲ್ಲ. ಆದರೂ ಅಕೌಂಟ್ಸ್‌ನಲ್ಲಿ ಎರಡು ತಿಂಗಳು ಫೈಲ್ ಕೂತಿತು. ‘ಕೆಲಸ ಮಾಡದಿದ್ದರೂ ದುಡ್ಡಾ?’ ಎಂದು ಕೇಳಿದರು. ‘ಬೇಡ’ ಅನ್ನಿಸಿಕೊಂಡು ಬರುವುದೂ ಕೆಲಸವೇ ಎಂದೆ. ಪಿ.ಐ. ಮೇಡಂ ಮೂರು ತಿಂಗಳು ಟೈಮ್ ಕೊಟ್ಟರು.

ಜೊತೆಗೆ ಒಂದು ನೋಟ್‌ಬುಕ್ ಶುರು ಮಾಡಿದೆವು, ‘ಬೇಡ ಪುಸ್ತಕ’. ಬೇಡ ಎಂದವರ ಹೆಸರು ಇಲ್ಲ, ಮನೆ ನಂಬರ್ ಇಲ್ಲ. ಊರು ಮತ್ತು ಅವರು ತಾವಾಗಿಯೇ ಹೇಳಿದ ಕಾರಣ ಇದ್ದರೆ ಅದು, ಅವರ ಮಾತಿನಲ್ಲೇ. ಕಾರಣ ಕೇಳಿ ಒತ್ತಾಯಿಸುವ ಹಾಗಿಲ್ಲ. ಸೋಮವಾರದ ಮೀಟಿಂಗ್‌ನಲ್ಲಿ ಮೊದಲು ಓದುವುದು ಈ ಪುಸ್ತಕ, ಸಹಿಯಾದ ಫಾರ್ಮ್‌ಗಳ ವಿಷಯ ಕೊನೆಗೆ.

ಮೊದಲ ವಾರಗಳು ಭಯಂಕರ. ಅಂಕಿ ಅರ್ಧಕ್ಕೆ ಬಿತ್ತು. ಅಧ್ಯಯನಕ್ಕೆ ದುಡ್ಡು ಕೊಡುವ ಸ್ಪಾನ್ಸರ್ ಕಡೆಯಿಂದ ಕೆಲಸ ಪರಿಶೀಲಿಸುವ ಮಾನಿಟರ್‌ರಿಂದ ಫೋನ್ ಮೇಲೆ ಫೋನ್. ತಂಡದವರಿಗೂ ನನ್ನ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಈಗ ಹೀಗಂತಾರೆ, ತಿಂಗಳ ಕೊನೆಗೆ ನೋಡೋಣ ಎನ್ನುವ ಮುಖ. ಒಬ್ಬರು ಇಡೀ ವಾರಕ್ಕೆ ಒಂದೇ ಒಂದು ಫಾರ್ಮ್ ತರಲಿಲ್ಲ. ಪುಸ್ತಕದಲ್ಲಿ ಮಾತ್ರ ಅವರ ಪುಟಗಳು ತುಂಬಿದ್ದವು. ಮೀಟಿಂಗ್‌ನಲ್ಲಿ ಅದನ್ನೇ ಪೂರ್ತಿ ಓದಿಸಿದೆ. ಅದರಲ್ಲಿ ರೇಷ್ಮೆ ಸಾಕುವವರ ‘ಹುಳು ನಾಲ್ಕನೇ ಜ್ವರಕ್ಕೆ ಬಂದಿವೆ, ಈಗ ಬಂದೀರಲ್ಲ’ ಎಂಬ ಸಾಲು ಹಲವು ಸಲ ಇತ್ತು. ತಿಂಗಳ ಕೊನೆಗೆ ಅವರಿಗೆ ಸಂಬಳ ಪೂರ್ತಿ ಬಂತು. ಬೇರೆಯವರು ಅದನ್ನು ಗಮನಿಸಿದರು. ನಾನು ಮಾಡಿದ ಎಲ್ಲ ಟ್ರೈನಿಂಗ್‌ಗಿಂತ ಆ ಒಂದು ಸಂಬಳದ ಮೆಸೇಜ್ ಜಾಸ್ತಿ ಕೆಲಸ ಮಾಡಿತು.

ಆ ರೇಷ್ಮೆ ಹುಳುವಿನ ಸಾಲು ನಮಗೆ ದೊಡ್ಡ ಲಾಭ ತಂದಿತು. ಜ್ವರ ಅಂದರೆ ಹುಳು ಪೊರೆ ಬಿಡುವ ಹಂತ. ನಾಲ್ಕನೇ ಜ್ವರ ಎದ್ದ ಹುಳು ರಾತ್ರಿ ಹಗಲು ಸೊಪ್ಪು ತಿನ್ನುತ್ತೆ. ಆಮೇಲೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆ) ಬಿಡುವ ಗಡಿಬಿಡಿ. ಆಗ ಮನೆಯವರಿಗೆ ಊಟಕ್ಕೇ ಪುರುಸೊತ್ತಿಲ್ಲ. ರೋಗ ತಗುಲುತ್ತೆ ಎಂದು ಹೊರಗಿನವರನ್ನು ಹುಳು ಮನೆ ಹತ್ತಿರವೂ ಸೇರಿಸುವುದಿಲ್ಲ. ನಾವು ರಕ್ತ ತೆಗೆಯುವ ಕ್ಯಾಂಪಿನ ಕ್ಯಾಲೆಂಡರನ್ನು ಗೂಡು ಮಾರುಕಟ್ಟೆಗೆ ಹೋದ ಮೇಲಿನ ದಿನಗಳಿಗೆ ಹೊಂದಿಸಿಕೊಂಡೆವು. ಕೈಯಲ್ಲಿ ಕಾಸಿರುತ್ತೆ, ಮನಸ್ಸು ನಿರಾಳ, ಕೂತು ಪ್ರಶ್ನೆ ಕೇಳುತ್ತಾರೆ.

ಇನ್ನೊಂದು ಘಟನೆ ಬರೆಯಲೇಬೇಕು. ಟ್ರೈನಿಂಗ್‌ನಲ್ಲಿ ನಾನು ಖಮ್ಮಂನ (ಆಗ ಆಂಧ್ರಪ್ರದೇಶ, ಈಗ ತೆಲಂಗಾಣದ ಜಿಲ್ಲೆ) ಕಥೆ ಹೇಳುತ್ತಿದ್ದೆ. 2009ರಲ್ಲಿ ಅಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯ ಯೋಜನೆ ನಡೆಯಿತು. ಸುಮಾರು 14,000 ಹುಡುಗಿಯರಿಗೆ ಹಾಕಿದರು. ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಎಷ್ಟೋ ಫಾರ್ಮ್‌ಗಳಿಗೆ ಸಹಿ ಹಾಕಿದ್ದರು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಇದನ್ನು ಹೇಳಿ ಮುಗಿಸಿದ ದಿನ ಸಂಜೆ ತಂಡದ ಒಬ್ಬರು ಬಂದು ನಿಂತರು. ‘ಸಾರ್, ಹಳೇ ಫಾರ್ಮ್ ಕೆಲವಕ್ಕೆ ಹೆಬ್ಬೆಟ್ಟು ನಾನೇ ಒತ್ತಿದೀನಿ.’ ಸುಮಾರು 30 ಫಾರ್ಮ್. ಟಾರ್ಗೆಟ್ ಕಾಲದ್ದು.

ನಿಜ ಹೇಳಿದವರ ಕೆಲಸ ಹೋಗಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಈಗ ಅದನ್ನು ನಡೆಸಿಕೊಡಬೇಕಿತ್ತು. ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ಎಥಿಕ್ಸ್ ಕಮಿಟಿಗೆ ಬರೆದು ತಿಳಿಸಿದೆವು. ಆ ಮನೆಗಳಿಗೆ ಹೋಗಿ ನಡೆದದ್ದನ್ನು ಹೇಳಿದೆವು. ಡೇಟಾ ತೆಗೆದುಹಾಕಿದೆವು, ಉಳಿದಿದ್ದ ರಕ್ತದ ಸ್ಯಾಂಪಲ್ ನಾಶ ಮಾಡಿಸಿದೆವು. 20,000ಕ್ಕೂ ಮೇಲೆ ನಷ್ಟ. ಅವರನ್ನು ತೆಗೆಯಲೇಬೇಕು ಎಂದು ಮೇಲಿನಿಂದ ಒತ್ತಡ ಬಂತು. ಇವರನ್ನು ತೆಗೆದರೆ ಇನ್ನು ಯಾರೂ ಯಾವತ್ತೂ ನನಗೆ ಏನೂ ಹೇಳುವುದಿಲ್ಲ ಎಂದು ವಾದ ಮಾಡಿ ಉಳಿಸಿಕೊಂಡೆ. ಒಪ್ಪಿಗೆ ಪಡೆಯುವ ಕೆಲಸದಿಂದ ಮಾತ್ರ ಕೆಲವು ತಿಂಗಳು ದೂರ ಇಟ್ಟೆವು. ವಿಚಿತ್ರ ಅಂದರೆ, ನಡೆದದ್ದನ್ನು ಹೇಳಿದ ಆ ಮನೆಗಳಲ್ಲೇ ಕೆಲವರು ಆಮೇಲೆ ತಾವಾಗಿ ಸೇರಿದರು.

ನಡುವೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ರಕ್ತ ಮಾರುತ್ತಾರೆ ಎಂಬ ಮಾತಿಗೆ ಉತ್ತರ ಕೊಟ್ಟು ಸಾಕಾಗಿತ್ತು. ಒಂದು ದಿನ ಖಾಲಿ ಟ್ಯೂಬಿಗೆ ನೀರು ತುಂಬಿಸಿ ಅವರ ಮನೆಯ ಟೀ ಚಮಚಕ್ಕೇ ಸುರಿದು ತೋರಿಸಿದೆವು. 5 ಎಂ.ಎಲ್. ಅಂದರೆ ಒಂದು ಚಮಚ. ನಾವು ತೆಗೆಯುವುದು ಎರಡು ಚಮಚಕ್ಕೂ ಕಡಿಮೆ. ರಕ್ತದಾನದಲ್ಲಿ ಒಂದು ಸಲಕ್ಕೆ 350 ಎಂ.ಎಲ್. ತೆಗೆಯುತ್ತಾರೆ. ‘ಇಷ್ಟನ್ನ ಯಾರು ಕೊಂಡ್ಕೊಂತಾರೆ ಬಿಡು’ ಎಂದು ಅಜ್ಜಿಯರೇ ನಕ್ಕರು. ಟ್ಯೂಬ್ ಮುಚ್ಚಳದ ನೇರಳೆ, ಬೂದು ಬಣ್ಣಗಳನ್ನು ವಿವರಿಸಲು ಹೋದದ್ದು ಮಾತ್ರ ಸುಮ್ನೆ ಟೈಮ್ ವೇಸ್ಟ್.

ಸಾಕ್ಷಿಯ ಸಮಸ್ಯೆ ನಿಮಗೂ ಇರುತ್ತೆ. ಓದಲು ಬಾರದವರಿಗೆ ಅಧ್ಯಯನದ ಜೊತೆ ಸಂಬಂಧ ಇಲ್ಲದ ಸಾಕ್ಷಿ ಬೇಕು. ಮೊದಲೆಲ್ಲ ಆಶಾ ಕಾರ್ಯಕರ್ತೆಯರಿಂದಲೇ ಹಾಕಿಸುತ್ತಿದ್ದರು. ಜನರನ್ನು ನಮ್ಮಲ್ಲಿಗೆ ಕರೆತರುವವರೂ ಅವರೇ, ಸಾಕ್ಷಿಯೂ ಅವರೇ. ಅದು ಸರಿಯಲ್ಲ. ನಾವು ಸ್ತ್ರೀಶಕ್ತಿ ಸಂಘಗಳಲ್ಲಿ ಲೆಕ್ಕ ಬರೆಯುವ ಹೆಂಗಸರನ್ನು ಕೇಳಿಕೊಂಡೆವು. ಸಾಲದ ಪುಸ್ತಕಕ್ಕೆ ಸಹಿ ಹಾಕಿಸಿ ಅಭ್ಯಾಸ ಇರುವವರು. ನಮ್ಮ ಫಾರ್ಮನ್ನು ಅವರು ಓದುತ್ತಿದ್ದ ರೀತಿ ನೋಡಿದರೆ ಯಾವ ಮಾನಿಟರೂ ಬೇಡ. ದುಡ್ಡು ಕೊಡಲಿಲ್ಲ, ಟೀ ಮಾತ್ರ.

ಫಾರ್ಮನ್ನು ಒಂದು ರಾತ್ರಿ ಮನೆಯಲ್ಲೇ ಬಿಟ್ಟು ಬರುವುದೂ ಈಗ ನಿಯಮ. ಗಾಡಿ ಖರ್ಚು ಹೆಚ್ಚಾಯಿತು, ತಿಂಗಳಿಗೆ ಐದಾರು ಸಾವಿರ ಇರಬಹುದು. ಮಾರನೇ ದಿನ ಹೋಗಿ ನಾಲ್ಕು ಪ್ರಶ್ನೆ ಕೇಳುತ್ತೇವೆ. ಉತ್ತರ ತಪ್ಪಾದರೆ ಇನ್ನೊಮ್ಮೆ ಹೇಳುತ್ತೇವೆ. ಆಗಲೂ ಆಗದಿದ್ದರೆ ಅವರನ್ನು ಸೇರಿಸಿಕೊಳ್ಳುವುದಿಲ್ಲ. ಆ ನಾಲ್ಕು ಪ್ರಶ್ನೆ ಯಾವುವು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಉತ್ತರವನ್ನೂ ಹೇಳಿಕೊಟ್ಟು ಟಿಕ್ ಹಾಕುವವರು ಇರುತ್ತಾರೆ. ಪ್ರಶ್ನೆಗಳನ್ನು ಕೇಳುವ ಕ್ರಮದಲ್ಲೂ ಒಂದು ಕೈಚಳಕ ಇದೆ. ನಿಮ್ಮ ಊರಿನಲ್ಲಿ ನೀವೇ ಕಂಡುಕೊಳ್ಳಿ.

ಈಗ ಒಟ್ಟು ಲೆಕ್ಕ. ಮೊದಲು 100 ಮನೆಯಲ್ಲಿ 90 ಸಹಿ, ಅದರಲ್ಲಿ ಅರ್ಧ ಜನ ಮತ್ತೆ ಬಂದರೆ 45. ಈಗ 100 ಮನೆಯಲ್ಲಿ 70 ಸಹಿ, ಅದರಲ್ಲಿ ಐದಕ್ಕೆ ನಾಲ್ಕು ಜನ ಬಂದರೆ 56. ಸಹಿ ಕಡಿಮೆ, ಉಳಿದವರು ಜಾಸ್ತಿ. ಬಾರದವರ ಮೊದಲ ವರ್ಷದ ಖರ್ಚು ಉಳಿದದ್ದು ಬೇರೆ. ಒಂಬತ್ತು ಜನರಲ್ಲಿ ಒಬ್ಬರು ಮಾತ್ರ ಕೆಲಸ ಬಿಟ್ಟರು, ಅದೂ ಮದುವೆಯಾಗಿ ಹೊಸಕೋಟೆಗೆ ಹೋದದ್ದಕ್ಕೆ. ಸೈಟ್ ಮುಚ್ಚಿಸ್ತಾರೆ ಎಂದಿದ್ದ ಕೋಆರ್ಡಿನೇಟರ್ ಹೋದ ತಿಂಗಳು ಫೋನ್ ಮಾಡಿ ‘ಆ ಬೇಡ ಪುಸ್ತಕದ ಫಾರ್ಮ್ಯಾಟ್ ಕಳಿಸ್ತೀರಾ’ ಎಂದು ಕೇಳಿದರು. ಕಳಿಸಿದೆ. ಫಾರ್ಮ್ಯಾಟ್‌ನಲ್ಲಿ ಏನಿದೆ, ಎರಡು ಗೆರೆ.

ಸದ್ಯದ ಜಗಳ ಫ್ರೀಜರ್‌ನದ್ದು. ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಡುವುದಕ್ಕೆ ಫಾರ್ಮ್‌ನಲ್ಲಿ ಬೇರೆಯೇ ಟಿಕ್ ಇರಬೇಕು, ಬೇರೆಯಾಗಿಯೇ ವಿವರಿಸಬೇಕು ಎಂದು ನಾನು ಹಟ ಹಿಡಿದಿದ್ದೇನೆ. ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯ್ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಸಂಶೋಧನೆಗೂ ಬಳಸಿದ್ದರು. ವಿಶ್ವವಿದ್ಯಾಲಯ 2010ರಲ್ಲಿ 7 ಲಕ್ಷ ಡಾಲರ್ ಕೊಟ್ಟು, ಸ್ಯಾಂಪಲ್ ವಾಪಸ್ ಕೊಟ್ಟು ರಾಜಿ ಮಾಡಿಕೊಂಡಿತು. ಇದನ್ನು ಮಾನಿಟರ್‌ಗೂ ಹೇಳಿದೆ. ಬೇರೆ ಟಿಕ್ ಕೇಳಿದರೆ ಮೂರರಲ್ಲಿ ಒಬ್ಬರು ಬೇಡ ಎನ್ನುತ್ತಿದ್ದಾರೆ, ಸ್ಪಾನ್ಸರ್‌ಗೆ ಅದು ಇಷ್ಟ ಇಲ್ಲ. ಆ ಬೇಡಗಳೂ ಪುಸ್ತಕಕ್ಕೆ ಹೋಗುತ್ತಿವೆ. ಮುಂದಿನ ಎಥಿಕ್ಸ್ ಸಭೆಗೆ ಆ ಪುಟಗಳ ಜೆರಾಕ್ಸ್ ತೆಗೆದಿಟ್ಟಿದ್ದೇನೆ.