ಗಣೇಶನ ಹಬ್ಬದ ನೆಗಡಿ

ಜ್ವರವಿಲ್ಲ, ಮೈಕೈ ನೋವಿಲ್ಲ. ಆದರೆ ಬೆಳಗ್ಗೆ ಎದ್ದೊಡನೆ ಸಾಲುಸಾಲಾಗಿ ಸೀನು, ನೀರಿನ ಹಾಗೆ ಸೋರುವ ಮೂಗು, ಕಣ್ಣಿನ ಮೂಲೆಯಲ್ಲಿ ತಡೆಯಲಾಗದ ತುರಿಕೆ. ಗಣೇಶನ ಹಬ್ಬದ ಆಸುಪಾಸಿಗೆ ಶುರುವಾದರೆ ದೀಪಾವಳಿ ದಾಟುವವರೆಗೂ ಇದೇ ಪಾಡು. ಮನೆಯಲ್ಲಿ ಇದಕ್ಕೆ ‘ಹವೆ ಬದಲಾದ ನೆಗಡಿ’ ಅಂತಲೇ ಹೆಸರು, ಮೆಣಸಿನ ಕಷಾಯವೇ ಮದ್ದು. ಕಷಾಯ ಗಂಟಲಿಗೆ ಹಿತ, ಅದರ ಮೇಲೆ ನನ್ನದೇನೂ ತಕರಾರಿಲ್ಲ. ಆದರೆ ವೈರಸ್ಸಿನ ನೆಗಡಿ ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ತಿಂಗಳುಗಟ್ಟಲೆ ಕೂತು, ಜ್ವರ ತರದೆ ಬರೀ ತುರಿಕೆ ತರುವ ನೆಗಡಿಯ ಜಾತಿಯೇ ಬೇರೆ, ಅದು ಅಲರ್ಜಿ.

ನಾವಿರುವುದು ತುಮಕೂರಿನ ಹೊರವಲಯದ ಬಡಾವಣೆಯಲ್ಲಿ. ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಒಂದು ವರ್ಷ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಗುರುತು ಹಾಕುತ್ತಾ ಬಂದೆ: ಸೀನು ಕಮ್ಮಿಯೋ ಜಾಸ್ತಿಯೋ, ಮಳೆಯೋ ಗಾಳಿಯೋ, ಆ ದಿನ ಎಲ್ಲಿದ್ದೆ. ಜೋರು ಮಳೆ ಸುರಿದ ದಿನ ಮೂಗು ಸುಮ್ಮನಿರುತ್ತಿತ್ತು. ಮಳೆ ಬಿಟ್ಟು ಒಣಗಾಳಿ ಬೀಸಿದರೆ ರಂಪ. ಅತ್ತೆ ಮನೆಗೆಂದು ಸಾಗರಕ್ಕೆ ಹೋದರೆ ಆರಾಮ. ಇನ್ನೊಂದು ಸಂಗತಿಯೂ ಕಂಡಿತು. ಹಾಸಿಗೆ ಕೊಡವಿದ ದಿನ, ಅಟ್ಟದಿಂದ ಹಳೆ ಪೆಟ್ಟಿಗೆ ಇಳಿಸಿದ ದಿನ ಯಾವ ತಿಂಗಳಾದರೂ ಸೀನು ತಪ್ಪಿದ್ದಲ್ಲ.

ಅಕ್ಕಪಕ್ಕದವರೆಲ್ಲ ದೂರುತ್ತಿದ್ದದ್ದು ರಸ್ತೆಬದಿಯ ಹೂಮರಗಳನ್ನು. ಪಾಪ, ಕಣ್ಣಿಗೆ ಕಾಣುವ ಬಣ್ಣದ ಹೂಗಳು ಬಹುಪಾಲು ಜೇನು, ಚಿಟ್ಟೆಗಳನ್ನು ನಂಬಿದವು. ಅವುಗಳ ಪರಾಗ ಭಾರ, ಅಂಟು. ಗಾಳಿಯಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಮೂಗಿಗೆ ಕಾಟ ಕೊಡುವುದು ಹುಲ್ಲು, ಸರ್ವೆಮರದಂಥ, ಹೂ ಬಿಟ್ಟದ್ದೇ ಯಾರಿಗೂ ಗೊತ್ತಾಗದ ಗಿಡಮರಗಳು. ಜೊತೆಗೆ ಸೈಟುಗಳ ತುಂಬ ಬಿಳಿ ಚುಕ್ಕೆಯಂಥ ಹೂ ಹೊತ್ತು ನಿಂತ ಕಾಂಗ್ರೆಸ್ ಗಿಡ.

ಕ್ಯಾಲೆಂಡರಿನ ಹಾಳೆಗಳನ್ನೇ ಹಿಡಿದುಕೊಂಡು ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋದೆ. ಚರ್ಮದ ಪರೀಕ್ಷೆ ಮಾಡಿಸಿದರು. ಅದಕ್ಕೆ ಮುಂಚೆ ಕೆಲವು ದಿನ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಚರ್ಮ ಸುಳ್ಳು ಹೇಳುತ್ತದೆ. ಮುಂಗೈ ಒಳಭಾಗದಲ್ಲಿ ಅಲರ್ಜಿ ತರಬಲ್ಲ ಬೇರೆಬೇರೆ ವಸ್ತುಗಳ ಒಂದೊಂದು ಹನಿ ಇಟ್ಟು ಮೆಲ್ಲಗೆ ಚುಚ್ಚಿ, ಕಾಲು ಗಂಟೆ ಕೂರಿಸಿ, ಎದ್ದ ದದ್ದನ್ನು ಅಳೆಯುತ್ತಾರೆ. ಬರೀ ಉಪ್ಪುನೀರು ಚುಚ್ಚಿದ ಜಾಗಕ್ಕಿಂತ 3 ಮಿಲಿಮೀಟರಿನಷ್ಟಾದರೂ ದೊಡ್ಡದಿದ್ದರೆ ಲೆಕ್ಕಕ್ಕೆ. ನನಗೆ ಎದ್ದದ್ದು ಎರಡು: ಪಾರ್ಥೇನಿಯಂ, ಅಂದರೆ ಅದೇ ಕಾಂಗ್ರೆಸ್ ಗಿಡ, ಮತ್ತು ಹಾಸಿಗೆಯ ಧೂಳುಹುಳ. ದದ್ದು ಎದ್ದಿತೆಂದ ಮಾತ್ರಕ್ಕೆ ಅದೇ ಕಾರಣ ಎನ್ನುವಂತಿಲ್ಲ, ನಮ್ಮ ಕಥೆಯೂ ಅದಕ್ಕೆ ಹೊಂದಬೇಕು ಎಂದರು ಡಾಕ್ಟರು. ಕ್ಯಾಲೆಂಡರು ಉಪಯೋಗಕ್ಕೆ ಬಂದದ್ದು ಅಲ್ಲಿ.

ಈಗ ಮದ್ದಿನ ಮಾತು. ನನಗೆ ನಿಜವಾಗಿ ಹಿಡಿದದ್ದು ಮೂಗಿಗೆ ಹೊಡೆದುಕೊಳ್ಳುವ ಸ್ಟಿರಾಯ್ಡ್ ಸ್ಪ್ರೇ. ಹೆಸರು ಕೇಳಿದರೆ ಜನ ಹೌಹಾರುತ್ತಾರೆ, ಆದರೆ ಅದರ ಪ್ರಮಾಣ ಕಡಿಮೆ, ರಕ್ತಕ್ಕೆ ಸೇರುವುದಂತೂ ಅತ್ಯಲ್ಪ. ಹೊಡೆದ ಕೂಡಲೇ ಸೀನು ನಿಲ್ಲುವುದಿಲ್ಲ. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಆದ್ದರಿಂದ ಹಬ್ಬಕ್ಕೆ ಎರಡು ವಾರ ಇರುವಾಗಲೇ ಶುರುಮಾಡುತ್ತೇನೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ, ಮೂತಿ ಕಿವಿಯ ಕಡೆಗೆ. ನಡುಗೋಡೆಗೆ ಹೊಡೆದರೆ ಮೂಗಿನಲ್ಲಿ ರಕ್ತ ಬರುವ ಸಂಭವ ಹೆಚ್ಚು. ಜೋರಾಗಿ ಎಳೆದುಕೊಂಡರೆ ಮದ್ದೆಲ್ಲ ಗಂಟಲಿಗೆ.

ಅಲರ್ಜಿ ಮಾತ್ರೆಗಳಲ್ಲಿ ಸೆಟಿರಿಜಿನ್ ನನಗೆ ತೂಕಡಿಕೆ ತರುತ್ತದೆ, ಸ್ಕೂಟರ್ ಓಡಿಸುವವಳಿಗೆ ಆಗದು. ಫೆಕ್ಸೊಫೆನಡಿನ್ ವಾಸಿ, ಆದರೆ ಅದನ್ನು ನೀರಿನಲ್ಲೇ ನುಂಗಬೇಕು. ಹಣ್ಣಿನ ರಸದ ಜೊತೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಡ್ರಾಪ್ಸ್ ಇದೆಯಲ್ಲ, ಅದನ್ನು ಮಾತ್ರ ಮೂರ್ನಾಲ್ಕು ದಿನದ ಮೇಲೆ ಮುಟ್ಟುವುದಿಲ್ಲ. ಮುಂದುವರಿಸಿದರೆ ಬಿಟ್ಟಾಗಲೆಲ್ಲ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.

ಸಂಜೆ ಮನೆಗೆ ಬಂದ ಮೇಲೆ ಉಪ್ಪುನೀರಿನಲ್ಲಿ ಮೂಗು ತೊಳೆಯುತ್ತೇನೆ. ಕಾಲು ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆಸೋಡ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿಯದು ಕೂಡದು. ಕೇರಳದಲ್ಲಿ ಜೀವ ತೆಗೆದ, ನೀರಿನಲ್ಲಿರುವ ಅಮೀಬಾ ಎಂಬ ಸೂಕ್ಷ್ಮಜೀವಿ ಮಿದುಳಿಗೆ ಹತ್ತುವ ದಾರಿಯೂ ಮೂಗೇ.

ಧೂಳುಹುಳಕ್ಕೆ ಮದ್ದೆಂದರೆ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು. ಒಣಗಿಸುವುದೇ ತಲೆನೋವು. ಹುಳ ಸಾಯಲು ಬಿಸಿಲು ಒಳ್ಳೆಯದು, ಆದರೆ ಆ ಎರಡು ತಿಂಗಳು ಟೆರೇಸಿನಲ್ಲಿ ಹರವಿದ ಬಟ್ಟೆ ಪರಾಗ ಮೆತ್ತಿಕೊಂಡು ನೇರ ಹಾಸಿಗೆಗೇ ಬರುತ್ತದೆ. ಆಗ ಒಳಗೆ ಫ್ಯಾನ್ ಕೆಳಗೆ, ಉಳಿದಂತೆ ಬಿಸಿಲಲ್ಲಿ.

ಇನ್ನು ಆ ಕಾಂಗ್ರೆಸ್ ಗಿಡ. 1955ರ ಹೊತ್ತಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು, ಅಮೆರಿಕದ ಗೋಧಿಯ ಜೊತೆ ಬಂತೆಂಬ ಮಾತಿದೆ. ಅದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ನಮ್ಮ ಸೈಟುಗಳಲ್ಲೂ ಕಾಣುತ್ತದೆ, ಪಾಪ ತಿಂದಷ್ಟು ತಿನ್ನುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುವುದರಿಂದ ಹೂ ಬಿಟ್ಟ ಮೇಲೆ ಕಿತ್ತು ಪ್ರಯೋಜನ ಕಡಿಮೆ. ಜುಲೈನಲ್ಲಿ, ನೆಲ ಹಸಿಯಾಗಿರುವಾಗ, ಬೇರುಸಹಿತ ಕೀಳಿಸಬೇಕು. ಬೀದಿಯವರು ದುಡ್ಡು ಹಾಕಿ ಆಳು ಮಾಡಿದೆವು. ಬರಿಗೈಯಲ್ಲಿ ಕಿತ್ತವರಿಗೆ ತುರಿಗಜ್ಜಿಯಂತೆ ಚರ್ಮ ಏಳುತ್ತದಾದ್ದರಿಂದ ಗ್ಲೌಸು, ತುಂಬುತೋಳಿನ ಅಂಗಿ, ಮಾಸ್ಕು ನಾವೇ ಕೊಟ್ಟೆವು. ನಾನು ದೂರ ನಿಂತು ಕಾಫಿ ಸರಬರಾಜು ಮಾಡಿದ್ದಷ್ಟೇ. ಸುತ್ತಲಿನ ಬಡಾವಣೆಗಳಿಂದ ಗಾಳಿ ತರುವುದು ತಪ್ಪಿಲ್ಲ, ಆದರೆ ಕಿಟಕಿ ಪಕ್ಕದ ಗಿಡಗಳು ಹೋದದ್ದು ಮೂಗಿಗೆ ಗೊತ್ತಾಗುತ್ತದೆ.

ಅಲರ್ಜಿಗೆ ಮೈಯನ್ನು ಒಗ್ಗಿಸುವ ಚುಚ್ಚುಮದ್ದಿನ ಚಿಕಿತ್ಸೆಯೂ ಇದೆ, 3ರಿಂದ 5 ವರ್ಷ ಹಿಡಿಯುತ್ತದೆ. ಸ್ಪ್ರೇಯಲ್ಲೇ ನಡೆಯುತ್ತಿರುವಾಗ ನಾನು ಅದಕ್ಕೆ ಕೈಹಾಕಿಲ್ಲ. ಎದೆಯಲ್ಲಿ ಸುಂಯ್ ಎನ್ನುವ ಸದ್ದು, ರಾತ್ರಿ ಕೆಮ್ಮು, ಏದುಸಿರು ಬಂದರೆ ಆಸ್ತಮಾ ಇದೆಯೇ ಎಂದು ನೋಡಿಸಲು ಕೂಡಲೇ ಬರಬೇಕೆಂದು ಡಾಕ್ಟರು ಹೇಳಿದ್ದಾರೆ. ಈವರೆಗೆ ಬಂದಿಲ್ಲ.